ಇಪ್ಪತ್ತು ಗ್ರಾಂ ಹಗುರ

ಹೊಸ್ತಿಲು ಸಾರಿಸಿ ರಂಗೋಲಿ ಎಳೆಯುತ್ತಿದ್ದೆ. ಅಷ್ಟರಲ್ಲಿ ಪಾರ್ಸಲ್ ಬಂತು. ಗಂಡ ರಂಗೋಲಿ ತುಳಿದುಕೊಂಡೇ ಓಡಿಬಂದು ಬಿಚ್ಚಿದರು. ಸೈಕಲ್ಲಿಗೆ ನೀರಿನ ಬಾಟಲಿ ಸಿಕ್ಕಿಸುವ ಸ್ಟ್ಯಾಂಡು. ನಾಲ್ಕು ಸಾವಿರವಂತೆ!

“ಕಾರ್ಬನ್ ಕಣೇ. ಮಾಮೂಲಿದಕ್ಕಿಂತ ಇಪ್ಪತ್ತು ಗ್ರಾಂ ಹಗುರ.”

“ಥೂ, ಅಸಹ್ಯ ಆಗತ್ತೆ ಕಣ್ರೀ. ಹೋದ ವಾರ ಕನ್ನಡಿ, ಅದರ ಹಿಂದಿನ ವಾರ ಹಿತ್ತಾಳೆ ಬೆಲ್ಲು. ಮಗೂಗೆ ಸೈಕಲ್ ಕಲಿಸ್ತೀನಿ ಅಂದು ಎಷ್ಟು ತಿಂಗಳಾಯ್ತು?”

“ಹೊಸ ಪೆಡಲ್ ಬಂದ್ಬಿಡ್ಲಿ, ಭಾನುವಾರ ಖಂಡಿತ.”

ಎದ್ದಾಗಿನಿಂದ ಶೂ ಹಾಕಿಕೊಂಡು ಕಾದಿದ್ದ ಮಗಳು ಹಜಾರದಲ್ಲಿದ್ದ ಅಪ್ಪನ ಸೈಕಲ್ಲಿನ ಪಕ್ಕ ಕೂತು ಚಕ್ರದಡಿ ಇಣುಕಿದಳು. ಆಯುಧಪೂಜೆಯ ದಿನ ಇಟ್ಟಿದ್ದ ನಿಂಬೆಹಣ್ಣು ಒಡೆಯದೆ, ಅಲ್ಲೇ ಒಣಗಿ ಕಪ್ಪಾಗಿತ್ತು.

“ಅಪ್ಪಾ, ನಿಂಗೆ ಸೈಕಲ್ ಹೊಡೆಯೋಕೆ ಬರಲ್ವಾ?”