ಹೆಸರು ಹೊಲಿಯುವ ಕೆಲಸ

ಜಪಾನಿನ ಫುಕುವೊಕಾದಲ್ಲಿ ಒಂದು ಕೋಣೆಯಿತ್ತಂತೆ. ಅಲ್ಲಿಗೆ ಬೇಕೆಂದಾಗ ಬರಬಹುದು, ಬೇಕೆಂದಾಗ ಹೋಗಬಹುದು. ಕಟ್ಟಳೆ ಒಂದೇ: ನಿಜವಾದ ಹೆಸರನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರಬೇಕು.

ಗಂಡಸರು ಗಂಟೆಯ ಲೆಕ್ಕದಲ್ಲಿ ಹೆಣ್ಣಿನ ಸಂಗ ಕೊಳ್ಳುವ ಅಂಗಡಿ ಅದು. ಕರೆ ಬರುವವರೆಗೆ ಹೆಂಗಸರು ಕಾಯುವುದು ಈ ಕೋಣೆಯಲ್ಲಿ. ಆ ಏಪ್ರಿಲ್ ಬೆಳಿಗ್ಗೆ ಇಬ್ಬರೇ ಇದ್ದರು. ಅಂಗಡಿಯ ಹೆಸರಲ್ಲಿ ಹೇಳುವುದಾದರೆ, ಮಧ್ಯಾಹ್ನದೊಳಗೆ ಮನೆಗೆ ಮರಳುವ ರುರಿ ಮತ್ತು ಮನಸ್ಸಾದ ದಿನ ಮಾತ್ರ ಬರುವ, ಐವತ್ತು ದಾಟಿದ ಮೊಮಿಜಿ.

ರುರಿಯ ತೊಡೆಯ ಮೇಲೆ ನೀಲಿ ಬಟ್ಟೆಯ ಚೀಲವಿತ್ತು. ನಾಳೆ ಮಗಳು ಮೊದಲ ಸಲ ಶಾಲೆಗೆ ಹೋಗುತ್ತಾಳೆ. ಚೀಲದ ಮೇಲೆ ಅವಳ ಹೆಸರನ್ನು ಬಿಳಿ ದಾರದಲ್ಲಿ ಹೊಲಿದು ಕೊಡುವುದಾಗಿ ರುರಿ ಮಾತು ಕೊಟ್ಟಿದ್ದಳು. ಆದರೆ ಕೆಲಸಕ್ಕೆಂದು ಅಂಟಿಸಿಕೊಂಡ ಉಗುರುಗಳು ಬೆರಳಿಗಿಂತ ಮುಂದೆ ಓಡುತ್ತಿದ್ದವು. ಸೂಜಿ ನಾಲ್ಕನೇ ಸಲ ಚಾಪೆಯ ಮೇಲೆ ಬಿತ್ತು.

“ಕೊಡೇ ಇಲ್ಲಿ. ಆ ಉಗುರಲ್ಲಿ ಮೀನು ಹಿಡೀಬಹುದು, ಸೂಜಿ ಅಲ್ಲ,” ಎಂದು ಮೊಮಿಜಿ ಚೀಲ ಕಸಿದುಕೊಂಡಳು. ದಾರ ಪೋಣಿಸಿ ಕೇಳಿದಳು, “ಹೂಂ, ಏನು ಹೆಸರು?”

ರುರಿ ಬಾಗಿಲ ಕಡೆ ನೋಡಿದಳು. ಹೋದ ವರ್ಷ ಒಬ್ಬಳು ಇಲ್ಲೇ ತನ್ನ ನಿಜವಾದ ಹೆಸರು ಬಾಯಿಬಿಟ್ಟಿದ್ದಳು. ವಾರದೊಳಗೆ ಅವಳ ಮನೆಯ ಗೇಟಿನ ಮುಂದೆ ಗಿರಾಕಿಯೊಬ್ಬ ನಿಂತಿದ್ದ. ರುರಿಯ ಮನೆತನದ ಹೆಸರಿನವರಂತೂ ಊರಿಗೆಲ್ಲ ಒಂದೇ ಮನೆ.

“ಮಗೂದಷ್ಟೇ ಹೇಳು ಸಾಕು.”

“ಶಾಲೆಯವರು ಪೂರ್ತಿ ಕೇಳಿದಾರೆ, ಅಕ್ಕ.”

“ಹಾಗಾದ್ರೆ ಮನೇಲಿ ಪೆನ್ನಲ್ಲಿ ಬರ್ಕೊಡು.”

“ದಾರದಲ್ಲಿ ಅಂತ ಹೇಳ್ಬಿಟ್ಟಿದೀನಿ. ತಿಂಗಳಿಂದ ಅದೇ ಕನಸು ಕಾಣ್ತಿದಾಳೆ.”

ಕಿಟಕಿಯ ಪರದೆ ಉಬ್ಬಿ ಇಳಿಯಿತು. ರುರಿ ಮೊಮಿಜಿಯ ಕಿವಿಗೆ ಬಾಗಿ, ಈ ಕಥೆಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

ಮೊಮಿಜಿ ತಲೆಯೆತ್ತಲಿಲ್ಲ. ದೂರದ ಕಡಲಲ್ಲಿ ಹಕ್ಕಿಯೊಂದು ಮುಳುಗಿ ಎದ್ದ ಹಾಗೆ ಬಿಳಿ ದಾರ ನೀಲಿಯಲ್ಲಿ ಮುಳುಗಿ ಎದ್ದಿತು, ಮತ್ತೆ ಮುಳುಗಿತು. ಒಂದೊಂದೇ ಅಕ್ಷರ ಮೇಲೆ ಬರತೊಡಗಿತು. ಕೋಣೆಯೇ ಲಂಗರು ಬಿಚ್ಚಿಕೊಂಡು ಎಲ್ಲಿಗೋ ತೇಲಿ ಹೊರಟಂತಿತ್ತು.

ಗೋಡೆಯ ಫೋನು ಅರಚಿತು. “ರುರಿ ಅವರೇ, ಗಿರಾಕಿ ಬಂದಿದಾರೆ.”

“ಇವತ್ತಿಗೆ ಸಾಕು ಮ್ಯಾನೇಜರೇ, ನಾನು ಹೊರಟೆ.”

“ಇನ್ನೂ ಹನ್ನೊಂದು ಗಂಟೆ ಕಣಮ್ಮ!”

“ಬೇಕಾದಾಗ ಬನ್ನಿ, ಬೇಕಾದಾಗ ಹೋಗಿ ಅಂತ ಜಾಹೀರಾತಲ್ಲಿ ಹಾಕಿದೋರು ನೀವೇ.”

“ಮೊಮಿಜೀನಾದ್ರೂ ಕಳಿಸು ಮಾರಾಯ್ತಿ.”

“ನಂದೂ ಮುಗೀತು!” ಬಂದು ಅರ್ಧ ಗಂಟೆಯೂ ಆಗಿರದ ಮೊಮಿಜಿ ಕೂತಲ್ಲಿಂದಲೇ ಕೂಗಿದಳು.

ಕೊನೆಯ ಅಕ್ಷರದ ಬಾಲ ಕೂಡಿತು. ಮೊಮಿಜಿ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು. ಹೆಸರು ಒಳಗಾಗುವಂತೆ ಚೀಲವನ್ನು ಮಡಚಿ ಎರಡೂ ಕೈಯಲ್ಲಿ ನೀಡಿದಳು.

“ತಗೊಳ್ಳೇ. ಯಾರ ಚೀಲಾನೋ, ನಂಗಂತೂ ಗೊತ್ತಿಲ್ಲ.”