ಗೆದ್ದವರ ಫೋನು

ಕೆಂಪನಂಜಪ್ಪನವರ ಆನೆ ಎದುರಾಳಿಯ ರಾಜನ ಬೆನ್ನಿಗೆ ಬಂದು ನಿಂತಿತ್ತು. ಇನ್ನೊಂದೇ ನಡೆ, ಆಟ ಮುಗಿದ ಹಾಗೆ. ಆ ನಡೆಯನ್ನು ಎಡದಿಂದ ಇಡೋಣವೋ ಬಲದಿಂದಲೋ ಎಂದು ಅವರು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮೊಬೈಲಿನ ಮೂಲೆಯ ಗಡಿಯಾರ ಸೊನ್ನೆಗೆ ಇಳಿಯಿತು. ಐದು ನಿಮಿಷದ ಚೆಸ್ ಆಟ. ಟೈಮು ಮುಗಿದರೆ ಸೋತ ಲೆಕ್ಕ. ಯಳಂದೂರಿನ ಬೀಗರು ಸದಾಶಿವಪ್ಪ ಮತ್ತೆ ಗೆದ್ದಿದ್ದರು. ಹಿಂದೆಯೇ, ಗೆದ್ದಾಗಲೆಲ್ಲ ಬರುವಂತೆ, ಅವರ ಫೋನೂ ಬಂತು.

“ಏನ್ ಬೀಗ್ರೇ, ಕಬ್ಬಿಗೆ ನೀರು ಕಟ್ಟಿ ಬದದ ಮೇಲೆ ಕುಂತಂಗೆ ಕುಂತ್ಬುಟ್ರಲ್ಲ. ಆನೆ ಅಲ್ಲೇ ಇತ್ತು, ಒಂಚೂರು ತಳ್ಳಿದ್ರಾಗಿತ್ತು.” ಸದಾಶಿವಪ್ಪ ಕಿರಾಣಿ ಅಂಗಡಿಯಲ್ಲಿ ಕೂತೇ ಆಡುವವರು, ಒಂದು ಕೈಯಲ್ಲಿ ಬೇಳೆ ತೂಗುತ್ತ ಇನ್ನೊಂದು ಕೈಯಲ್ಲಿ ಕುದುರೆ ನಡೆಸುವವರು. “ಓಗ್ಲಿ ಬುಡಿ, ನಾಳೆ ನೋಡಾಣ. ಅಂಗೇ... ಮಧು ಅಲ್ಲೇ ಇದ್ರೆ ಒಂಚೂರು ಕೊಡಿ. ಅವಳಿಗೂ ಏಳ್ತೀನಿ ನಿಮ್ ಸುದ್ದಿಯ.”

ಸೊಸೆ ಮಧುಶ್ರೀ ಒದ್ದೆ ಕೈ ಒರೆಸಿಕೊಂಡು ಬಂದು ಫೋನು ಇಸಿದುಕೊಂಡಳು. ಗೆಲುವಿನ ವರದಿ ಬೇಗ ಮುಗಿಯಿತು. ಆಮೇಲೆ ಕೆಮ್ಮು ಹೇಗಿದೆ, ಹಸು ಕರು ಹಾಕಿತಾ, ಏನು ಸಾರು ಎಂದು ಅಪ್ಪ ಮಗಳ ಮಾತು ಆಟಕ್ಕಿಂತ ಉದ್ದ ಬೆಳೆಯಿತು. ಕೆಂಪನಂಜಪ್ಪನವರಿಗೆ ಅದು ಯಾವುದೂ ಕಿವಿಗೆ ಬೀಳಲಿಲ್ಲ. ಅವರಿನ್ನೂ ಆನೆಯನ್ನು ತಳ್ಳುತ್ತಲೇ ಇದ್ದರು.

“ಮಧು, ನಿಮ್ಮಪ್ಪ ನಿಂಗೂ ಈ ಆಟ ಕಲ್ಸವ್ರಲ್ವಾ? ಒಂದೇ ಒಂದ್ ಸಲ ನಾನು ಗೆಲ್ಲೋ ಅಂಗೆ ಮಾಡವ್ವ. ಈ ನೀರು ಕಟ್ಟೋ ಮಾತ ಸಾಯೋಗಂಟ ಕೇಳಕ್ಕಾಗದು ನನ್ ಕೈಲಿ.”

ಮಧುಶ್ರೀ ನಕ್ಕಳು. “ನಮ್ಮಪ್ಪ ಎಲ್ಲಿ ಎಡವ್ತಾರೆ ಅಂತ ಮಾತ್ರ ಕೇಳ್ಬೇಡಿ ಮಾವ, ಹೇಳಲ್ಲ. ಗಡಿಯಾರದ ವಿಷ್ಯ ಆದ್ರೆ ಹೇಳ್ಕೊಡ್ತೀನಿ.”

ಸೊಸೆ ಮಾವನೆದುರು ಸರಿಸಮ ಕೂತು ಆಡುವುದು ಕುಂತೂರಿನ ಆ ಮನೆಯಲ್ಲಿ ಇಲ್ಲದ ಪದ್ಧತಿ. ಮೊಬೈಲಿಗೆ ಆ ತೊಡಕಿಲ್ಲ. ಅತ್ತೆಯ ಮೊಬೈಲು ಹಿಡಿದು ಅವಳು ಒಲೆಯ ಮುಂದೆ, ಅವರು ಪಡಸಾಲೆಯಲ್ಲಿ. ನಡುವೆ ಗೋಡೆ, ಗೋಡೆಯಾಚೆಯಿಂದ ಪಾಠ.

“ಮೊದಲ ನಡೆಗೇ ಯಾಕ್ ಮಾವ ಯೋಚ್ನೆ? ದಿನಾ ಗದ್ದೆಗೆ ಹೋಗೋವಾಗ ದಾರಿ ಹುಡುಕ್ತೀರಾ? ಶುರುವಿನದ್ದು ಹಂಗೆ ಕಾಲಿಗೇ ಗೊತ್ತಿರ್ಬೇಕು.”

“ಆಯ್ತು ಕಣವ್ವ.”

“ನಾನು ಯೋಚ್ನೆ ಮಾಡೋವಾಗ ನೀವು ಟೀ ಕುಡೀತಾ ಕೂರ್ಬೇಡಿ, ನೀವೂ ಮಾಡಿ. ನನ್ ಟೈಮಲ್ಲಿ ಮಾಡಿದ್ದು ನಿಮಗೆ ಪುಕ್ಕಟೆ. ಎರಡು ನಡೆ ಚೆನ್ನಾಗಿ ಕಂಡ್ರೆ ಯಾವ್ದಾದ್ರೂ ಒಂದು ಇಟ್ಬಿಡಿ.”

“ಅದೆಂಗವ್ವ? ಸಂತೇಲಿ ಎರಡು ಓರಿ ಕಂಡ್ಮೇಲೆ ಒಳ್ಳೇದ್ನೇ ತಾನೆ ಇಡ್ಕಬರಾದು?”

“ಸಂತೆ ಮುಗೀತಾ ಬಂದಾಗ ಸಿಕ್ಕಿದ್ದನ್ನ ಹಿಡ್ಕೊಂಡು ಬರ್ಬೇಕು ಮಾವ.”

ಸೋತ ಸಿಟ್ಟಿನಲ್ಲಿ ಅವರು ಇನ್ನೊಂದು ಆಟಕ್ಕೆ ಕರೆದರೆ ಅವಳು ಬರುತ್ತಲೇ ಇರಲಿಲ್ಲ. ಮೊದಲು ಹಸುವಿಗೆ ಹುಲ್ಲು ಹಾಕಿ ಬರಬೇಕು, ಆಮೇಲೆ ಆಟ. ಹಸು ದುಂಡಗಾಯಿತು. ಕೆಂಪನಂಜಪ್ಪನವರ ಕಣ್ಣಿಗೂ ಮಣೆಯ ಜೊತೆ ಗಡಿಯಾರ ನೋಡುವ ರೂಢಿ ಬಿತ್ತು.

ಒಂದು ಸೋಮವಾರ ಸಂಜೆ ಅದು ಕೈಗೂಡಿತು. ಶುರುವಿನ ನಡೆಗಳನ್ನು ಅವರು ನಿಂತ ಕಾಲಲ್ಲಿ ಇಟ್ಟು ಮುಗಿಸಿದರು. ಮುಂದೆ ಎಡಕ್ಕೋ ಬಲಕ್ಕೋ ಎನ್ನುವ ಹೊತ್ತು ಬಂದಾಗ, ಹಲ್ಲು ಕಚ್ಚಿ, ಕಂಡದ್ದನ್ನು ಇಟ್ಟರು. ಅತ್ತ ಬೀಗರ ಮಂತ್ರಿ ಸಿಕ್ಕಿಬಿತ್ತು, ಟೈಮೂ ಬತ್ತುತ್ತಾ ಬಂತು, ಕೊನೆಗೆ ರಾಜನೂ ಹೋದ. ಇವರ ಗಡಿಯಾರದಲ್ಲಿ ಇನ್ನೂ ಟೈಮು ಉಳಿದಿತ್ತು.

ಕೆಂಪನಂಜಪ್ಪ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತರು. ಬೀಗರು ಹಲೋ ಅಂದ ಕೂಡಲೇ ಅನ್ನಬೇಕಾದ ಮಾತು ಬಾಯಲ್ಲಿ ತಯಾರಿತ್ತು: ‘ಏನ್ ಸಾವ್ಕಾರ್ರೇ, ಇವತ್ತು ತಕ್ಕಡಿ ಏರುಪೇರಾಯ್ತಾ?’ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಹೋದಾಗ ಫೋನಿನ ಸದ್ದು ಕೇಳದೆ ಹೋದೀತೆಂದು ಎತ್ತಿ ಕಿವಿಯ ಹತ್ತಿರ ಹಿಡಿದರು. ಫೋನು ಬರಲಿಲ್ಲ.

ಮಧುಶ್ರೀ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. “ಅಂಗಡೀಲಿ ಜನ ಇರ್ಬೇಕು ಮಾವ,” ಎಂದು ಒಳಗೆ ಹೋದಳು. ತುಸು ಹೊತ್ತಿಗೆ ಮತ್ತೆ ಬಂದಳು. ಏನನ್ನೋ ತೆಗೆದುಕೊಳ್ಳಲು ಬಂದವಳಂತೆ ಗೋಡೆಯ ಗೂಡಿನ ಕಡೆ ನೋಡಿ, ಏನೂ ತೆಗೆದುಕೊಳ್ಳದೆ ಹೋದಳು.

“ಗೆದ್ದಾಯ್ತಲ್ಲ, ಇನ್ನೇನ್ ಕಾಯ್ತಾ ಕುಂತಿದ್ದರಿ?” ಹೆಂಡತಿ ಚನ್ನಮಲ್ಲಮ್ಮ ಕೇಳಿದರು.

“ಬೀಗ್ರು ಫೋನ್ ಮಾಡ್ತಾರೆ, ತಡಿ.”

“ಸೋತೋರು ಏನಂತ ಮಾಡಾರು?” ಚನ್ನಮಲ್ಲಮ್ಮ ದನಿ ತಗ್ಗಿಸಿದರು. “ಮಧು ಅವ್ವ ಆದೋಳು ಮದ್ಯಾನ ಫೋನ್ ಮಾಡ್ತಾಳೆ. ಅಪ್ಪ ಆದೋರು ಕೊಟ್ಟ ಮನೆಗೆ ಸುಮ್‌ಸುಮ್ನೆ ಮಾಡಾರಾ? ಗೆದ್ದ ನೆಪ ಇತ್ತು, ಮಾಡೋರು. ಅದು ಆವಾಗ್ಲಿಂದ ಎರಡ್ ಸಲ ಬಂದು ಬಂದು ನೋಡ್ಕಂಡೋಯ್ತು, ಕಾಣ್ನಿಲ್ವಾ ನಿಮ್ಗೆ?”

ಕೆಂಪನಂಜಪ್ಪ ಅಡುಗೆಮನೆಯ ಕಡೆ ನೋಡಿದರು. ಗಲ್ಲ ಉಜ್ಜಿಕೊಂಡು ತಾವೇ ಬೀಗರ ನಂಬರು ಒತ್ತಿದರು.

“ಏಳಿ ಬೀಗ್ರೇ.” ಸದಾಶಿವಪ್ಪನವರ ದನಿ ಕುಗ್ಗಿತ್ತು. “ಇವತ್ತು ನಿಮ್ದು. ಏನ್ ಬೇಕಾದ್ರೂ ಅನ್ನಿ.”

“ನಾನೇನ್ ಅನ್ನನ. ಆಡ್ಸಿದ್ದೆಲ್ಲ ನಿಮ್ ಮಗಳು ಕಣ್ರಿ. ಬಯ್ಯೋದಿದ್ರೆ ಅವಳ್ನೇ ಬಯ್ಕಳಿ, ತಕಳಿ.”

ಕರೆಯುವ ಮೊದಲೇ ಮಧುಶ್ರೀ ಬಾಗಿಲಲ್ಲಿದ್ದಳು. “ಅಪ್ಪಾ...” ಎಂದವಳು ಫೋನು ಹಿಡಿದುಕೊಂಡೇ ಹಿತ್ತಲಿಗೆ ನಡೆದಳು. ಅವಳ ನಗು ಒಳಗಿನವರೆಗೂ ಕೇಳಿಸಿತು.

“ಮುದ್ದೆ ಆರೋಯ್ತದೆ, ಬಡಿಸಕ್ಕೆ ಕರೀಲಾ ಅವಳ್ನ?” ಚನ್ನಮಲ್ಲಮ್ಮ ಕೇಳಿದರು.

“ಆರ್ಲಿ ಬುಡು,” ಎಂದ ಕೆಂಪನಂಜಪ್ಪ, ಆ ಮನೆಯಲ್ಲಿ ತಾವು ಇದುವರೆಗೂ ಮುಟ್ಟದಿದ್ದ ಸೌಟನ್ನು ಕೈಗೆ ತೆಗೆದುಕೊಂಡು, ಮೊದಲು ಹೆಂಡತಿಯ ತಟ್ಟೆಗೆ, ಆಮೇಲೆ ತಮ್ಮ ತಟ್ಟೆಗೆ ಸಾರು ಬಿಟ್ಟರು.