ಜರಿಗಿಡದ ಬುಡ

ಕಾರ್ಯಾಗಾರದ ಬಾಗಿಲು ಗಾಳಿಗೆ ಬಡಿಯದಿರಲೆಂದು ಇಟ್ಟಿದ್ದ ಕಲ್ಲು ಕಾಲಿಗೆ ತಗಲಿ ಮಗುಚಿಕೊಂಡಿತು. ಬೈಯಲು ಬಾಯಿ ತೆರೆದ ಗರಗಸದಣ್ಣ ಹಾಗೇ ಮುಚ್ಚಿಕೊಂಡ. ಸಂಗ್ರಹಾಲಯದಲ್ಲಿ ಕಲ್ಲು ಕೊಯ್ಯುವ ಅವನಿಗೆ ಎಲ್ಲರೂ ಇಟ್ಟ ಹೆಸರು ಅದು. ಇಪ್ಪತ್ತಾರು ವರ್ಷ ದಿನಾ ನೆಲ ಒರೆಸುವ ನೀರು ತಾಗಿ ಕಲ್ಲಿನ ಅಡಿಗೆ ಮೆತ್ತಿದ್ದ ಮಣ್ಣು ಕಳಚಿಹೋಗಿತ್ತು. ಅಲ್ಲಿ ಜರಿಗಿಡದ ಬುಡ, ಬುಡದಿಂದ ಹೊರಟು ಕಲ್ಲಿನ ಪದರಗಳನ್ನು ದಾಟಿ ಇಳಿದ ಬೇರುಗಳು ಕಪ್ಪಗೆ ಕಾಣುತ್ತಿದ್ದವು. ಕಲ್ಲನ್ನು ಒಳಗೆ ಹೊತ್ತೊಯ್ದು ಪಳೆಯುಳಿಕೆಗಳ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೋಡಿದ. ಐದನೆಯದರಲ್ಲಿದ್ದ ಜರಿಗಿಡದ ಎಲೆಗೆ ಅದು ಗೆರೆಗೆ ಗೆರೆ ಕೂಡಿತು.

ಕೊಯ್ದವನು ಅವನೇ. ಆಗ ಹೊಸ ಡ್ರಾಯರುಗಳು ಬಂದಿದ್ದವು, ಎಲ್ಲಕ್ಕೂ ಒಂದೇ ಅಳತೆ. ಹಿಡಿಸದ ಕಲ್ಲಿನ ಅಂಚು ಕೊಯ್ದು ಹಾಕಬೇಕೆಂದು ಹೇಳಿದ್ದರು. ಎಲೆಯ ಕಡೆ ಉಳಿಸು, ಮಣ್ಣು ಮೆತ್ತಿದ ಕಡೆ ಕೊಯ್ಯಿ, ಅವನಿಗೆ ಗೊತ್ತಿದ್ದ ವಿದ್ಯೆ ಅಷ್ಟೇ. ಡ್ರಾಯರುಗಳು ಎಷ್ಟು ಸಲೀಸಾಗಿ ಮುಚ್ಚುತ್ತವೆ ಎಂದು ಮೇಲಿನವರು ಬೆನ್ನು ತಟ್ಟಿದಾಗ ಉಬ್ಬಿಹೋಗಿದ್ದ ಮಹಾರಾಯ.

ಪೆಟ್ಟು ಬಿದ್ದದ್ದು ಆಮೇಲೆ ಬಂದ ಸಂಶೋಧಕಿಗೆ. ಈ ಕಲ್ಲುಗಳು ಸಿಕ್ಕ ನೆಲ ಒಂದಾನೊಂದು ಕಾಲಕ್ಕೆ ಜೌಗಾಗಿತ್ತು, ಜರಿಗಿಡಗಳು ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಹೂತುಹೋದವು ಎಂದು ಆಕೆ ಹೇಳಿದರು. ಹೊಳೆ ಎಲ್ಲಿಂದಲೋ ಹೊತ್ತು ತಂದ ಎಲೆಗಳಿವು, ಅಲ್ಲೇ ಬೆಳೆದಿದ್ದರೆ ಬೇರುಗಳು ಎಲ್ಲಿ ಎಂದು ತುಂಬಿದ ಸಭೆಯಲ್ಲಿ ದೊಡ್ಡವರು ನಕ್ಕರು. ಕಲ್ಲು ಸಿಕ್ಕಿದ್ದ ಗಣಿಯಲ್ಲಿ ಅಷ್ಟರಲ್ಲಿ ನೀರು ತುಂಬಿತ್ತು. ಆಕೆ ಹನ್ನೊಂದು ವರ್ಷ ಈ ಡ್ರಾಯರುಗಳಲ್ಲೇ ಬೇರು ಹುಡುಕಿದರು. ಕೊಯ್ದ ಅಂಚಿನಲ್ಲಿ ಏನಿತ್ತಪ್ಪಾ ಎಂದು ಒಮ್ಮೆ ಅವನನ್ನೇ ಕೇಳಿದ್ದರು. ಬರೀ ಮಣ್ಣು ಎಂದಿದ್ದ. ನಂಬಿದರು. ಕೊನೆಗೆ, ನನ್ನದೇ ತಪ್ಪು ಎಂದು ಕೈಯಾರೆ ಬರೆದುಕೊಟ್ಟು ಕೆಲಸ ಬಿಟ್ಟರು.

ಯಾರೂ ಕೇಳದಿರುವಾಗ ಇದನ್ನೆಲ್ಲ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ, ನಿವೃತ್ತಿಗೆ ನಾಲ್ಕೇ ತಿಂಗಳಿದೆ ಎಂದು ಹೆಂಡತಿ ಗದರಿದಳು. ಅವಳ ಮಾತು ತೆಗೆದುಹಾಕುವಂಥದ್ದೇನೂ ಆಗಿರಲಿಲ್ಲ. ಆದರೂ ಮರುದಿನ ಕಲ್ಲನ್ನು ಟವೆಲಿನಲ್ಲಿ ಸುತ್ತಿಕೊಂಡು ಸಂಶೋಧಕಿಯ ಮನೆ ಹುಡುಕಿಕೊಂಡು ಹೋದ.

ಆಕೆಗೆ ಈಗ ಕಣ್ಣು ಮಂಜು. ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದರು. ಬೆರಳು ಬುಡದಿಂದ ಕೆಳಕ್ಕೆ ಇಳಿಯಿತು, ಬೇರು ಕವಲೊಡೆದ ಕಡೆ ನಿಂತಿತು.

"ಬರೀ ಮಣ್ಣು ಅಂದಿದ್ದೆ ನೀನು."

"ಅಂದಿದ್ದೆ ಮೇಡಂ. ಒಂದನ್ನೂ ತೊಳೆದು ನೋಡಿರಲಿಲ್ಲ."

ಆಕೆ ಬೈಯಲಿಲ್ಲ. ಬೈದುಬಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಈಗಲಾದರೂ ನಾಲ್ಕು ಜನರಿಗೆ ತೋರಿಸೋಣ ಎಂದು ತಡವರಿಸಿದ. ನನ್ನ ಜೊತೆ ವಾದ ಮಾಡಿದವರಲ್ಲಿ ಈಗ ಒಬ್ಬರೂ ಉಳಿದಿಲ್ಲ ಎಂದರು ಆಕೆ. ಆಮೇಲೆ ಏನೋ ನೆನಪಾದವರಂತೆ ತಲೆಯೆತ್ತಿದರು.

"ಇದೊಂದೇ ಅಲ್ಲವಲ್ಲ. ಉಳಿದ ತುಂಡುಗಳು ಎಲ್ಲಿ?"

ಅವನು ಟವೆಲನ್ನು ಮಡಚಿದ, ಬಿಚ್ಚಿ ಮತ್ತೆ ಮಡಚಿದ. "ಮುಂಬಾಗಿಲಿಗೆ ಮೆಟ್ಟಿಲು ಕಟ್ಟಿದರಲ್ಲ, ಅದರೊಳಗೆ ತುಂಬಿಬಿಟ್ವಿ. ಮೂರು ಗಾಡಿ ಆಗಿತ್ತು."

ಆಕೆಯ ಕೈ ಕಲ್ಲಿನ ಮೇಲೇ ಇತ್ತು.

"ದಿನಾ ಬೆಳಿಗ್ಗೆ ಆ ಮೆಟ್ಟಿಲು ಹತ್ತಿಕೊಂಡೇ ಬೇರು ಹುಡುಕೋಕೆ ಬರ್ತಿದ್ದೆ," ಎಂದರು.